‘ಮೆಲ್ಲಗೆ ಓಡು’ ಎಂದು ಹೇಳಿಕೊಟ್ಟ ಮೇಲೆ: ಒಂದು ಆಪ್ತಸಲಹೆ ಪ್ರಕರಣ

ಬೌದ್ಧಿಕ ವಿಕಲತೆ ಇರುವ ಕ್ರೀಡಾಪಟುಗಳಿಗೆ ಸಂಬಳವಿಲ್ಲದೆ ತರಬೇತಿ ಕೊಡುವವರು ನನ್ನ ಬಳಿ ಬರುವುದು ಹೆಚ್ಚಾಗಿ ದಣಿವಿನ ಕಾರಣಕ್ಕೆ. ಒಬ್ಬ ತರಬೇತುದಾರರು ಮಾತ್ರ ಬೇರೆಯೇ ಕಾರಣ ಹೇಳಿಕೊಂಡು ಬಂದರು. ಕೊನೆಗೆ ಅವರು ಬಾಯಿಬಿಟ್ಟ ಸಂಗತಿಯನ್ನು ನಾನು ಬೇರೆ ತರಬೇತುದಾರರಿಂದಲೂ ಕೆಲವು ತಂದೆತಾಯಿಯರಿಂದಲೂ ಬೇರೆ ಬೇರೆ ರೂಪದಲ್ಲಿ ಕೇಳಿದ್ದೇನೆ. ಆ ಕಾರಣದಿಂದ, ಸಂಬಂಧಪಟ್ಟವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಅವರು ನಲವತ್ತು ದಾಟಿದ ಖಾಸಗಿ ಉದ್ಯೋಗಿ, ಕಾಲೇಜಿನ ದಿನಗಳಲ್ಲಿ ಓಟಗಾರರಾಗಿದ್ದವರು. ಭಾನುವಾರ ಬೆಳಿಗ್ಗೆ ಒಂದು ವೃತ್ತಿ ತರಬೇತಿ ಕೇಂದ್ರದ ಯುವಕರನ್ನು ಮೈದಾನಕ್ಕೆ ಕರೆದೊಯ್ದು ಅಭ್ಯಾಸ ಮಾಡಿಸುತ್ತಿದ್ದರು. ಆ ಯುವಕರ ಪೈಕಿ 100 ಮೀಟರ್ ಓಡುವ ಒಬ್ಬ ಯುವಕರು ಇತ್ತೀಚೆಗೆ ಅರ್ಧ ದೂರ ಜೋರಾಗಿ ಬಂದು, ಆಮೇಲೆ ವೇಗ ತಗ್ಗಿಸಿ, ತಿರುಗಿ ಇವರ ಮುಖ ನೋಡುತ್ತಿದ್ದರಂತೆ. ಕಾಲುನೋವು ಇರಬೇಕೆಂದು ತಾಯಿ ಎಣ್ಣೆ ಹಚ್ಚುತ್ತಿದ್ದರು. ‘ಹುಮ್ಮಸ್ಸು ಹೋಗಿದೆ, ಹೇಗೆ ತರಿಸುವುದು?’ ಎಂಬುದು ತರಬೇತುದಾರರ ಪ್ರಶ್ನೆಯಾಗಿತ್ತು.

ಉತ್ತರ ಅವರಿಗೇ ಗೊತ್ತಿತ್ತು. ಅದು ಎರಡನೆಯ ಭೇಟಿಯಲ್ಲಿ ಹೊರಬಂತು. ಕೆಲವು ವಾರಗಳ ಹಿಂದೆ ನಡೆದ ಒಂದು ಕ್ರೀಡಾಕೂಟದಲ್ಲಿ, ಪ್ರಾಥಮಿಕ ಸುತ್ತಿಗೆ ಮೊದಲು, ಅವರು ಆ ಒಬ್ಬ ಯುವಕರ ಹೆಗಲ ಮೇಲೆ ಕೈಯಿಟ್ಟು ‘ಈಗ ಮೆಲ್ಲಗೆ ಓಡು, ಮಧ್ಯಾಹ್ನ ಜೋರಾಗಿ ಓಡು’ ಎಂದು ಹೇಳಿದ್ದರು.

ಈ ಮಾತಿನ ಅರ್ಥ ತಿಳಿಯಬೇಕಾದರೆ ಸ್ಪರ್ಧೆಯ ಕ್ರಮ ತಿಳಿದಿರಬೇಕು. ಬೌದ್ಧಿಕ ವಿಕಲತೆ ಇರುವವರಿಗಾಗಿ 1968ರಲ್ಲಿ ಶಿಕಾಗೋದಲ್ಲಿ ಆರಂಭವಾದ ಸ್ಪೆಷಲ್ ಒಲಿಂಪಿಕ್ಸ್ ಕ್ರೀಡಾಕೂಟದಲ್ಲಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಓಡಿಸುವುದಿಲ್ಲ. ಪ್ರಾಥಮಿಕ ಸುತ್ತಿನ ಸಮಯವನ್ನು ನೋಡಿ, ಲಿಂಗ ಮತ್ತು ವಯಸ್ಸನ್ನೂ ಗಮನಿಸಿ, ಹೆಚ್ಚುಕಡಿಮೆ ಸಮಾನ ಸಾಮರ್ಥ್ಯದವರ ಗುಂಪುಗಳನ್ನು ಮಾಡುತ್ತಾರೆ. ಆ ಗುಂಪಿನೊಳಗೆ ಪದಕಕ್ಕಾಗಿ ಪೈಪೋಟಿ ನಡೆಯುತ್ತದೆ. ಬೆಳಿಗ್ಗೆ ನಿಧಾನವಾಗಿ ಓಡಿದವರು ನಿಧಾನದ ಗುಂಪಿಗೆ ಸೇರಿ, ಅಂತಿಮ ಸುತ್ತಿನಲ್ಲಿ ಸುಲಭವಾಗಿ ಗೆಲ್ಲಬಹುದೆಂಬ ಲೆಕ್ಕಾಚಾರ ಹುಟ್ಟುವುದು ಇಲ್ಲಿಯೇ. ಇದನ್ನು ತಡೆಯಲೆಂದೇ, ಅಂತಿಮ ಓಟದಲ್ಲಿ ಸಮಯವು ಶೇ. 15ಕ್ಕಿಂತ ಹೆಚ್ಚು ಸುಧಾರಿಸಿದರೆ ಸ್ಪರ್ಧಿಯನ್ನು ಅನರ್ಹಗೊಳಿಸಲು ನಿಯಮದಲ್ಲಿ ಅವಕಾಶವಿದೆ. ಅದೇ ಮಾದರಿಯನ್ನು ಅನುಸರಿಸುತ್ತಿದ್ದ ಆ ಕೂಟದಲ್ಲಿ ಯುವಕರು ಬೆಳಿಗ್ಗೆ 21 ಸೆಕೆಂಡು ತೆಗೆದುಕೊಂಡು, ಮಧ್ಯಾಹ್ನ ತಮ್ಮ ನಿಜವಾದ ವೇಗದಲ್ಲಿ 17 ಸೆಕೆಂಡಿಗೆ ಗುರಿ ಮುಟ್ಟಿ, ಎಲ್ಲರಿಗಿಂತ ಮುಂದೆ ಬಂದು ಕುಣಿದಾಡಿದರು. ಸ್ವಲ್ಪ ಹೊತ್ತಿನಲ್ಲಿ ಅನರ್ಹರೆಂದು ಘೋಷಿಸಲಾಯಿತು. ಏಕೆಂದು ಯಾರೂ ಅವರಿಗೆ ಹೇಳಲಿಲ್ಲ. ಹೇಳಿದರೂ ತಿಳಿಯುವುದಿಲ್ಲವೆಂದು ಎಲ್ಲರೂ ಭಾವಿಸಿದ್ದರು.

ಮೂರನೆಯ ಭೇಟಿಗೆ ಯುವಕರೂ ಅವರ ತಾಯಿಯೂ ಬಂದರು. ಬೌದ್ಧಿಕ ವಿಕಲತೆ ಇರುವ ಅನೇಕರು ಹಿರಿಯರ ಪ್ರಶ್ನೆಗೆ, ಅವರನ್ನು ಮೆಚ್ಚಿಸಲೆಂದು, ‘ಹೌದು’ ಎಂದುಬಿಡುತ್ತಾರೆ. ಹೀಗಾಗಿ ಹೌದು-ಅಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳನ್ನು ನಾನು ಕೇಳಲಿಲ್ಲ. ಒಂದು ಹಾಳೆಯ ಮೇಲೆ ಓಟದ ಲೇನುಗಳನ್ನು ಗೆರೆಯೆಳೆದು, ‘ಅವತ್ತು ಹೇಗೆ ಓಡಿದಿರಿ, ಬೆರಳಿನಲ್ಲಿ ತೋರಿಸಿ’ ಎಂದೆ. ಬೆರಳು ಮೊದಲ ಸಲ ತೆವಳುತ್ತಾ ಸಾಗಿತು. ‘ಇದು ಬೆಳಿಗ್ಗೆ’ ಎಂದರು. ಎರಡನೆಯ ಸಲ ಬೆರಳು ಒಂದೇ ಓಟಕ್ಕೆ ಹಾಳೆ ದಾಟಿ ಮೇಜಿನ ಅಂಚಿಗೆ ಬಂತು. ‘ಇವತ್ತಿನ ಅಭ್ಯಾಸ?’ ಎಂದು ಕೇಳಿದೆ. ಬೆರಳು ಅರ್ಧದಲ್ಲಿ ನಿಂತಿತು. ಅವರು ತಲೆಯೆತ್ತಿ ತರಬೇತುದಾರರನ್ನು ನೋಡಿ, ‘ಜೋರಾಗಿ ಓಡಿದ್ದು ತಪ್ಪಾ, ಸರ್?’ ಎಂದು ಕೇಳಿದರು.

ಆ ಮನುಷ್ಯರು ಉತ್ತರಿಸದೆ ಕನ್ನಡಕ ತೆಗೆದು ಒರೆಸತೊಡಗಿದರು. ‘ಆಗಿದ್ದು ಆಯ್ತು, ಹಳೇದನ್ನ ಕೆದಕಬೇಡಿ ಮೇಡಂ, ಇವನು ಮತ್ತೆ ಊಟ ಬಿಡ್ತಾನೆ’ ಎಂದು ತಾಯಿ ನನ್ನನ್ನೇ ತಡೆದರು. ಅವರ ಭಯ ಸುಳ್ಳಲ್ಲ. ಆದರೂ ನಾನು ಒಪ್ಪಲಿಲ್ಲ. ತಮಗೆ ಸಿಕ್ಕಿದ್ದು ಯಾವುದರ ಶಿಕ್ಷೆ ಎಂಬ ಪ್ರಶ್ನೆಗೆ ಆ ಯುವಕರು ಆಗಲೇ ತಾವೇ ಉತ್ತರ ಕಂಡುಕೊಂಡಿದ್ದರು: ಜೋರಾಗಿ ಓಡಿದೆ, ಪದಕ ಹೋಯಿತು. ತರ್ಕದಲ್ಲಿ ದೋಷವಿರಲಿಲ್ಲ, ಅವರಿಂದ ಮುಚ್ಚಿಟ್ಟ ಒಂದು ಸಂಗತಿಯಷ್ಟೇ ಅದರಲ್ಲಿ ಕಾಣೆಯಾಗಿತ್ತು.

ತರಬೇತುದಾರರಿಗೆ ನಾನು ಕೊಟ್ಟ ಸಲಹೆ ಹೀಗಿತ್ತು. ತಪ್ಪನ್ನು ನನ್ನ ಕೊಠಡಿಯಲ್ಲಿ ಅಲ್ಲ, ಓಟದ ಮೈದಾನದಲ್ಲಿಯೇ, ತಾಯಿಯ ಎದುರಿಗೆ ಒಪ್ಪಿಕೊಳ್ಳಬೇಕು. ‘ಮೆಲ್ಲಗೆ ಓಡು ಎಂದು ನಾನು ಹೇಳಿದೆ. ಅದು ತಪ್ಪು. ನೀನು ಓಡಿದ್ದು ಸರಿ’ ಎಂಬ ಮೂರು ಚಿಕ್ಕ ವಾಕ್ಯಗಳು ಸಾಕು. ಮುಂದಿನ ವಾರಗಳಲ್ಲಿಯೂ ಮಾತು ಬದಲಿಸದೆ ಅವನ್ನೇ ಹೇಳಬೇಕು. ಅಭ್ಯಾಸದ ವೇಳೆ ಪಥದ ಮಧ್ಯೆ ನಿಲ್ಲುವ ರೂಢಿ ಬಿಟ್ಟು ಗುರಿಗೆರೆಯ ಆಚೆಗೆ ನಿಲ್ಲಬೇಕು, ಏಕೆಂದರೆ ಅವರು ನಿಂತಲ್ಲಿಗೆ ಬಂದಾಗಲೇ ಓಟ ತಗ್ಗುತ್ತಿತ್ತು. ಅಂಗಡಿಯಿಂದ ಪದಕ ಕೊಂಡು ತರಬಾರದು. ಕೇಂದ್ರದ ಮುಖ್ಯಸ್ಥರಿಗೂ ಕೂಟದ ಆಯೋಜಕರಿಗೂ ನಡೆದುದನ್ನು ಬರೆದು ತಿಳಿಸಬೇಕು. ಪಶ್ಚಾತ್ತಾಪದಿಂದ ತರಬೇತಿಯನ್ನೇ ಬಿಡುತ್ತೇನೆಂದು ಅವರು ಹೊರಟಿದ್ದರು, ಅದನ್ನೂ ಬೇಡವೆಂದೆ. ಅವರು ಕಾಣೆಯಾದರೆ ಯುವಕರ ಲೆಕ್ಕದಲ್ಲಿ ಅದು ಎರಡನೆಯ ಶಿಕ್ಷೆಯಾಗುತ್ತಿತ್ತು.

ಪುಕ್ಕಟೆಯಾಗಿ ದುಡಿಯುವವರ ಮೇಲೆ ಇಷ್ಟು ಭಾರ ಹೊರಿಸಬಾರದೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಸಂಬಳವಿಲ್ಲ ಎಂಬುದು ಸಮಯದ ವಿಷಯದಲ್ಲಿ ರಿಯಾಯಿತಿ ಕೊಡಬಹುದು, ಪ್ರಾಮಾಣಿಕತೆಯ ವಿಷಯದಲ್ಲಿ ಅಲ್ಲ. 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಬೌದ್ಧಿಕ ವಿಕಲತೆಯ ವಿಭಾಗದ ಬಾಸ್ಕೆಟ್‌ಬಾಲ್ ಚಿನ್ನ ಗೆದ್ದ ಸ್ಪೇನ್ ತಂಡದಲ್ಲಿ ಹೆಚ್ಚಿನವರಿಗೆ ಅಂಥ ವಿಕಲತೆಯೇ ಇರಲಿಲ್ಲವೆಂಬುದು ಬಯಲಾದಾಗ, ಪ್ಯಾರಾಲಿಂಪಿಕ್ಸ್‌ನಿಂದ ಆ ವಿಭಾಗವನ್ನೇ ಕೈಬಿಡಲಾಯಿತು. 2012ರ ಲಂಡನ್‌ವರೆಗೆ ಹೊರಗುಳಿದವರು ಮೋಸ ಮಾಡದ ಕ್ರೀಡಾಪಟುಗಳು. ‘ಪಾಪ, ಒಂದು ಪದಕ ಬರಲಿ’ ಎನ್ನುವ ಕರುಣೆಯ ದಂಡವನ್ನು ತೆರುವವರೂ ಅವರೇ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ತನಗೆ ಅರ್ಥವಾಗದ್ದನ್ನು ನಂಬಿದವರು ಹೇಳಿದರೆಂದು ಮರುಮಾತಿಲ್ಲದೆ ಮಾಡುವ ಅಭ್ಯಾಸವನ್ನು ಮೈದಾನದಲ್ಲಿ ಬೆಳೆಸಿದರೆ, ಅದು ಮೈದಾನದಲ್ಲಿ ಮಾತ್ರ ಉಳಿಯುವುದಿಲ್ಲ. ಕೆಟ್ಟ ಉದ್ದೇಶದವರು ಬಳಸಿಕೊಳ್ಳುವುದೂ ಅದನ್ನೇ. ‘ಯಾಕೆ ಸರ್?’ ಎಂದು ಕೇಳುವುದನ್ನೂ ‘ಬೇಡ’ ಎನ್ನುವುದನ್ನೂ ಓಟದಷ್ಟೇ ಶ್ರದ್ಧೆಯಿಂದ ಕಲಿಸಿ ಎಂದು ನಾನು ಪ್ರತಿಯೊಬ್ಬ ತರಬೇತುದಾರರಿಗೂ ಹೇಳುತ್ತೇನೆ.

ಮೊದಲ ಕೆಲವು ಭಾನುವಾರ ಯುವಕರು ಅರ್ಧದಲ್ಲಿ ತಿರುಗಿ ನೋಡುವುದು ನಿಲ್ಲಲಿಲ್ಲ. ಆಮೇಲೆ ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ. ತಾಯಿ ನನ್ನ ಮೇಲಿನ ಮುನಿಸನ್ನು ಬಿಟ್ಟಿಲ್ಲ. ಕೇಂದ್ರದ ಮುಖ್ಯಸ್ಥರಿಗೆ ತರಬೇತುದಾರರು ವಿಷಯ ತಿಳಿಸಿದ್ದಾರೆ. ಆಯೋಜಕರಿಗೆ ಬರೆಯಬೇಕಾದ ಪತ್ರವನ್ನು, ಕೇಂದ್ರಕ್ಕೆ ಕೆಟ್ಟ ಹೆಸರು ಬರುತ್ತದೆಂಬ ಮಾತಿಗೆ ಕಟ್ಟುಬಿದ್ದು, ಇನ್ನೂ ಬರೆದಿಲ್ಲ.