ನೀರಾಟದ ಹೊತ್ತಿನಲ್ಲಿ ಮಕ್ಕಳ ಮೇಲೆ ಯಾರ ಕಣ್ಣು?

ಪ್ರಶ್ನೆ: ಬೇಸಿಗೆ ರಜೆಯಲ್ಲಿ ನಾದಿನಿಯ ಮಕ್ಕಳೂ ಸೇರಿದಂತೆ ಐದು ಮಕ್ಕಳನ್ನು ಮೈಸೂರಿನ ವಾಟರ್ ಪಾರ್ಕಿಗೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಹೋದ ವರ್ಷ ಬೇರೊಂದು ಊರಿನ ಪಾರ್ಕಿನಲ್ಲಿ ನನ್ನ ನಾಲ್ಕು ವರ್ಷದ ಮಗ ಮೊಣಕಾಲುದ್ದದ ನೀರಿನಲ್ಲಿ ಜಾರಿಬಿದ್ದಾಗ, ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ಎತ್ತಿ ನಿಲ್ಲಿಸಿದರು. ಲೈಫ್‌ಗಾರ್ಡ್ ಮೊಬೈಲ್ ನೋಡುತ್ತಾ ನಿಂತಿದ್ದ. ಟಿಕೆಟ್ಟಿಗೆ ಅಷ್ಟು ಹಣ ಕೊಟ್ಟ ಮೇಲೂ ನಾವೇ ಕಾಯಬೇಕೆ? ತೋಳಿಗೆ ಗಾಳಿ ತುಂಬಿದ ಪಟ್ಟಿ ಹಾಕಿದರೆ ಸಾಲದೆ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಕಾಯಲೇಬೇಕು. ಲೈಫ್‌ಗಾರ್ಡ್ ಮೊಬೈಲ್ ನೋಡಿದ್ದು ಖಂಡಿತ ತಪ್ಪು. ಅಂಥದ್ದು ಕಣ್ಣಿಗೆ ಬಿದ್ದರೆ ಸ್ಥಳದಲ್ಲೇ ವ್ಯವಸ್ಥಾಪಕರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಆದರೆ ಆತ ಕರ್ತವ್ಯನಿಷ್ಠನೇ ಆಗಿದ್ದರೂ ಲೆಕ್ಕ ಹೇಗಿರುತ್ತದೆಂದು ನೋಡಿ. ಅಪಾಯವನ್ನು 10 ಸೆಕೆಂಡಿನೊಳಗೆ ಗುರುತಿಸಬೇಕು, ಮುಂದಿನ 20 ಸೆಕೆಂಡಿನೊಳಗೆ ಅಲ್ಲಿಗೆ ತಲುಪಬೇಕು ಎಂಬುದು ಲೈಫ್‌ಗಾರ್ಡ್‌ಗಳಿಗೆ ಅನೇಕ ಕಡೆ ಕಲಿಸುವ ಸೂತ್ರ. ಎಲ್ಲವೂ ಸರಿಯಾಗಿ ನಡೆದರೂ ಅರ್ಧ ನಿಮಿಷ ಕಳೆದಿರುತ್ತದೆ. ಮುಳುಗುವವರು ನೀರಿನ ಮೇಲ್ಭಾಗದಲ್ಲಿ ಸೆಣಸುವುದು ಸಾಮಾನ್ಯವಾಗಿ 20ರಿಂದ 60 ಸೆಕೆಂಡು; ಪುಟ್ಟ ಮಕ್ಕಳು ಅದಕ್ಕೂ ಮೊದಲೇ ತಳ ಸೇರಬಹುದು. ಆದ್ದರಿಂದ ಆರು ವರ್ಷದೊಳಗಿನ ಮಕ್ಕಳ ಜೊತೆ ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರದಲ್ಲಿ, ದಡದಲ್ಲಲ್ಲ, ನೀರಿನಲ್ಲಿಯೇ ಇರಬೇಕು.

ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕೂಗಿಕೊಳ್ಳುವುದಿಲ್ಲ. ಬಾಯಿ ನೀರಿನಿಂದ ಮೇಲೆ ಬಂದ ಆ ಒಂದು ಕ್ಷಣ ಉಸಿರೆಳೆದುಕೊಳ್ಳುವುದಕ್ಕೇ ಸಾಲುವುದಿಲ್ಲವಾದ್ದರಿಂದ ಕೂಗಲು ಉಸಿರೇ ಉಳಿದಿರುವುದಿಲ್ಲ. ಕೈಗಳು ತಾವಾಗಿಯೇ ಅಕ್ಕಪಕ್ಕದ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ತಲೆ ಹಿಂದಕ್ಕೆ ವಾಲಿರುತ್ತದೆ, ಕೂದಲು ಕಣ್ಣಿನ ಮೇಲೆ ಬಿದ್ದಿದ್ದರೂ ಮಗು ಸರಿಸಿಕೊಳ್ಳುವುದಿಲ್ಲ. ದೂರದಿಂದ ನೋಡಿದವರಿಗೆ ಮಗು ನಿಂತಲ್ಲೇ ಕುಣಿಯುತ್ತಿದೆ ಎನ್ನಿಸುತ್ತದೆ. ಗಲಾಟೆ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ಮೊದಲು ಅದರ ಮುಖ ನೋಡಿ.

ತೋಳುಪಟ್ಟಿ ಆಟದ ಸಾಮಾನು, ರಕ್ಷಣೆಯ ಸಾಧನವಲ್ಲ. ಅದು ಒದ್ದೆ ತೋಳಿನಿಂದ ಜಾರುತ್ತದೆ, ಗಾಳಿ ಸೋರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ತಂದೆತಾಯಿಗೆ ಇಲ್ಲದ ಧೈರ್ಯ ತುಂಬುತ್ತದೆ. ಮಗುವಿನ ತೂಕಕ್ಕೆ ಹೊಂದುವ, ತೊಡೆಸಂದಿಯ ಪಟ್ಟಿಯಿರುವ ಲೈಫ್ ಜಾಕೆಟ್ ಕೇಳಿ ಪಡೆಯಿರಿ. ತೊಡಿಸಿದ ಮೇಲೆ ಭುಜದ ಬಳಿ ಹಿಡಿದು ಎತ್ತಿ ನೋಡಿ, ಜಾಕೆಟ್ ಕಿವಿಯವರೆಗೆ ಮೇಲೇರಿದರೆ ಅದು ದೊಡ್ಡದಾಯಿತು ಎಂದರ್ಥ. ತಿಳಿನೀಲಿ ಬಟ್ಟೆ ಕೊಳದ ನೀರಿನಲ್ಲಿ ಕಾಣುವುದೇ ಇಲ್ಲ. ಢಾಳಾದ ಕಿತ್ತಳೆ ಅಥವಾ ಕೆಂಪು ಒಳ್ಳೆಯದು.

ನಾಲ್ಕಾರು ದೊಡ್ಡವರು ಒಟ್ಟಿಗೆ ಹೋದಾಗ ಇನ್ನೊಂದು ತೊಂದರೆಯಿದೆ. ಅತ್ತೆ ನೋಡುತ್ತಿದ್ದಾರೆಂದು ಸೊಸೆ, ಸೊಸೆ ನೋಡುತ್ತಿದ್ದಾಳೆಂದು ಅತ್ತೆ, ಇಬ್ಬರೂ ನೋಡುತ್ತಿದ್ದಾರೆಂದು ಗಂಡಸರು ನೆಮ್ಮದಿಯಾಗಿ ಚುರುಮುರಿ ತಿನ್ನುತ್ತಿರುತ್ತಾರೆ. ಹದಿನೈದು ನಿಮಿಷಕ್ಕೊಬ್ಬರಂತೆ ಸರದಿ ಮಾಡಿಕೊಳ್ಳಿ. ಸರದಿ ಬಿಡುವವರು ‘ಈಗ ನೀನು ನೋಡ್ಕೋ’ ಎಂದು ಬಾಯಿಬಿಟ್ಟು ಹೇಳಿ, ‘ಸರಿ’ ಎನ್ನಿಸಿಕೊಂಡೇ ಕದಲಬೇಕು. ಸರದಿಯಲ್ಲಿರುವವರು ಫೋಟೊ ತೆಗೆಯುವಂತಿಲ್ಲ. ಐದು ಮಕ್ಕಳನ್ನೂ ಒಬ್ಬರ ಕೊರಳಿಗೆ ಕಟ್ಟುವುದು ಬೇಡ; ಇಬ್ಬರು ಚಿಕ್ಕವರಿದ್ದರೆ ಅವರಿಗೇ ಬೇರೆ ಒಬ್ಬರಿರಲಿ.

ಪ್ರಶ್ನೆ: ಹನ್ನೆರಡು ವರ್ಷದ ನನ್ನ ಮಗ ಊರಿನ ನಾಲೆಯಲ್ಲಿ ಈಜು ಕಲಿತವನು. ಯಂತ್ರದಿಂದ ಅಲೆ ಎಬ್ಬಿಸುವ ಕೊಳದಲ್ಲಿ, ಅಂದರೆ ವೇವ್ ಪೂಲಿನಲ್ಲಿ ಅವನನ್ನು ಅವನ ಪಾಡಿಗೆ ಬಿಡಬಹುದೆ?
– ಒಬ್ಬ ರೈತ, ಪಾಂಡವಪುರ

ಉತ್ತರ: ನಿಮ್ಮ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಸೆಳವಿನಲ್ಲಿ ಈಜುವ ಹುಡುಗ ಗಟ್ಟಿಗನೇ ಇರಬೇಕು. ಆದರೂ ನಾಲೆಗೆ ಮಕ್ಕಳನ್ನು ಇಳಿಸುವುದನ್ನು ನಾನು ಒಪ್ಪಲಾರೆ. ವೇವ್ ಪೂಲಿನ ಅಪಾಯ ಬೇರೆ ಬಗೆಯದು. ಯಂತ್ರ ಶುರುವಾದೊಡನೆ ಎದೆಮಟ್ಟದ ನೀರು ತಲೆಯ ಮೇಲೆ ಹಾಯುತ್ತದೆ, ಜನರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ತೇಲುವ ಟ್ಯೂಬುಗಳ ಅಡಿಗೆ ಸಿಕ್ಕಿದವನು ಮೇಲಿನಿಂದ ನೋಡುವ ಲೈಫ್‌ಗಾರ್ಡ್‌ಗೂ ಕಾಣುವುದಿಲ್ಲ. ಅಲೆ ಏಳುವ ಕಡೆಗೆ ಹೋಗದೆ, ಸೊಂಟಮಟ್ಟದ ನೀರಿನಲ್ಲಿ, ನಿಮ್ಮ ಕಣ್ಣೆದುರಿಗೆ ಇರಲಿ.

ಈಜು ಬಲ್ಲ ಹುಡುಗರಿಗೆ ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಬೇಕು: ಉಸಿರು ಕಟ್ಟಿ ಮುಳುಗುವ ಪಂದ್ಯ ಬೇಡ. ಮುಳುಗುವ ಮೊದಲು ಜೋರಾಗಿ ಹತ್ತಾರು ಸಲ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರು ತೆಗೆದುಕೊ ಎಂದು ಮಿದುಳಿಗೆ ಒತ್ತಾಯ ಹುಟ್ಟಿಸುವುದು ಮುಖ್ಯವಾಗಿ ಅದೇ. ಆ ಒತ್ತಾಯ ಬರುವ ಮೊದಲೇ ಆಮ್ಲಜನಕ ಮುಗಿದು, ಹುಡುಗ ನೀರಿನೊಳಗೇ ಪ್ರಜ್ಞೆ ತಪ್ಪುತ್ತಾನೆ. ಒಳ್ಳೆಯ ಈಜುಗಾರರೂ ಹೀಗೆ ಸತ್ತಿದ್ದಾರೆ.

ಪ್ರಶ್ನೆ: ನೀರು ಕುಡಿದ ಮಗುವನ್ನು ತಲೆಕೆಳಗಾಗಿ ಹಿಡಿದು ಹೊಟ್ಟೆ ಒತ್ತಬೇಕೆನ್ನುತ್ತಾರೆ. ಸರಿಯೆ?
– ಒಬ್ಬ ಅಜ್ಜಿ, ಸರಸ್ವತಿಪುರಂ, ಮೈಸೂರು

ಉತ್ತರ: ಸರಿಯಲ್ಲ. ಹೊಟ್ಟೆ ಒತ್ತಿದರೆ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು, ಅಮೂಲ್ಯ ಸಮಯವೂ ಹಾಳು. ಮಗು ಉಸಿರಾಡದಿದ್ದರೆ ಅಂಗಾತ ಮಲಗಿಸಿ, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಊದಿ, ಬಳಿಕ ಎದೆಯ ನಡುವೆ 30 ಸಲ ಒತ್ತಿ 2 ಸಲ ಊದುವುದನ್ನು ನಿಲ್ಲಿಸದೆ ಮುಂದುವರಿಸಬೇಕು. ಮತ್ತೊಬ್ಬರು ಲೈಫ್‌ಗಾರ್ಡ್‌ನನ್ನು ಕೂಗಿ ಕರೆದು 108ಕ್ಕೆ ಕರೆ ಮಾಡಲಿ. ಚೇತರಿಸಿಕೊಂಡ ಮಗುವಿಗೂ ಕೆಮ್ಮು ನಿಲ್ಲದಿದ್ದರೆ, ಉಸಿರಾಟ ವೇಗವಾದರೆ, ಅಸಹಜವಾದ ತೂಕಡಿಕೆ ಬಂದರೆ ಮನೆಗೆ ಹೋಗಿ ನೋಡೋಣವೆನ್ನದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.