ಗೋಬೆಕ್ಲಿ ತೆಪೆ ದೇಗುಲ ಸಿಕ್ಕಾಗ ಅಷ್ಟೊಂದು ಸದ್ದು ಯಾಕಾಯಿತು?

ಮುಖ್ಯ ಕಾರಣ ಅದರ ವಯಸ್ಸು. ಟರ್ಕಿಯ ಆಗ್ನೇಯ ಭಾಗದ ಈ ದಿಬ್ಬದಲ್ಲಿ 1995ರಲ್ಲಿ ಜರ್ಮನಿಯ ಕ್ಲೌಸ್ ಶ್ಮಿಟ್ ಅಗೆತ ಶುರು ಮಾಡಿದರು. ಸಿಕ್ಕಿದ್ದು ಸುಮಾರು 11,000 ವರ್ಷ ಹಳೆಯ ಕಲ್ಲಿನ ಕಂಬಗಳು. ಆಗ ಅಲ್ಲಿ ಮಡಕೆ ಇರಲಿಲ್ಲ, ಲೋಹ ಇರಲಿಲ್ಲ. ಜನ ಬೇಟೆಯಾಡಿ, ಕಾಡುಕಾಳು ಆಯ್ದು ಬದುಕುತ್ತಿದ್ದರು. ಮೊದಲು ಬೇಸಾಯ, ಆಮೇಲೆ ಊರು, ಕೊನೆಗೆ ಗುಡಿ ಅಂತ ತಾನೇ ನಾವೆಲ್ಲ ಓದಿದ್ದು? ಆ ಲೆಕ್ಕವೇ ತಲೆಕೆಳಗಾಯಿತು.

ದೊಡ್ಡ ಕಂಬಗಳು ಸುಮಾರು 5.5 ಮೀಟರ್ ಎತ್ತರ. ಒಂದನ್ನು ಹತ್ತಿರದಿಂದ ನೋಡಿ: ಬದಿಯಲ್ಲಿ ಮಡಚಿದ ತೋಳು, ಹೊಟ್ಟೆಯ ಮೇಲೆ ಬೆರಳುಗಳು, ಸೊಂಟಪಟ್ಟಿ, ಅದರಿಂದ ಇಳಿಬಿದ್ದ ನರಿಯ ಚರ್ಮ. ಮುಖ ಮಾತ್ರ ಇಲ್ಲ. ಕಲ್ಲಿನ ಉಪಕರಣದಲ್ಲೇ ಇಷ್ಟು ನಾಜೂಕು ಕೆಲಸ! ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆಮೇಲೆ ಅಲ್ಲಿ ಮನೆಗಳ ಗುರುತೂ ಸಿಕ್ಕಿದೆ. ಹಾಗಾಗಿ ಬರೀ ದೇಗುಲ ಅನ್ನೋದು ಸರಿಯಲ್ಲ ಎಂಬ ವಾದವೂ ಇದೆ.