ಮೇಷ್ಟ್ರನ್ನು ಕೇಳಿ: ದಸರಾ ರಜೆ ಕಳೆದ ಮೇಲೆ

ಈ ಸಲ ಬಂದ ಪತ್ರಗಳೆಲ್ಲ ಆಶ್ವಯುಜ, ಕಾರ್ತಿಕದವು. ಅರ್ಧ ವರ್ಷದ ಎಸ್‌ಎ-1 ಪರೀಕ್ಷೆ ಮುಗಿದಿದೆ, ಶಾಲಾ ಮಕ್ಕಳ ಸ್ಪರ್ಧೆ ಪ್ರತಿಭಾ ಕಾರಂಜಿಯ ಗಲಾಟೆ ನಡೆದಿದೆ, ಪ್ರವಾಸದ ಚೀಟಿ ಮನೆಗೆ ಬಂದಿದೆ. ಚಿಂತಾಮಣಿ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲೇ ಕೂದಲು ನೆರೆತ ನನಗೆ ವರ್ಷದಲ್ಲಿ ತುಂಬ ಇಷ್ಟವಾದ ಕಾಲ ಇದು. ಹೊಲದಲ್ಲಿ ರಾಗಿ ತೆನೆ ಬಿಟ್ಟಿರುತ್ತದೆ, ಕೆರೆಯಲ್ಲಿ ಒಂದಿಷ್ಟು ನೀರಿರುತ್ತದೆ, ಜೂನ್‌ನಲ್ಲಿ ಅಳುತ್ತಾ ಬಂದ ಮಕ್ಕಳೂ ಬೆಂಚಿಗೆ ಒಗ್ಗಿರುತ್ತಾರೆ.

ಮಗಳು ನಾಲ್ಕನೇ ಕ್ಲಾಸು. ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿಯಲ್ಲಿ ಛದ್ಮವೇಷಕ್ಕೆ ಹೆಸರು ಕೊಟ್ಟಿದ್ದಾರೆ. ಒನಕೆ ಓಬವ್ವ ಮಾಡಿಸೋಣ ಅಂತಿದ್ದೇವೆ. ಡ್ರೆಸ್ ಬಾಡಿಗೆ, ಮೇಕಪ್ ಸೇರಿದರೆ ಖರ್ಚು ಜಾಸ್ತಿ. ನಮ್ಮದು ರೇಷ್ಮೆ ಹುಳು ಸಾಕುವ ಮನೆ, ಗೂಡು ಮಾರುವ ತನಕ ಕೈಯಲ್ಲಿ ದುಡ್ಡಿಲ್ಲ. ಭಾಷಣವನ್ನೂ ನೀವೇ ಬರೆದುಕೊಟ್ಟರೆ ಉಪಕಾರ.
*ಒಬ್ಬ ತಾಯಿ, ಶಿಡ್ಲಘಟ್ಟ ತಾಲ್ಲೂಕು*

ತಾಯಿ, ಹುಳು ಸಾಕುವ ಮನೆ ಅಂದಿರಲ್ಲ, ವೇಷ ಅಲ್ಲೇ ಇದೆ. ಓಬವ್ವನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ತೀರ್ಪುಗಾರರ ಕುರ್ಚಿಯಲ್ಲಿ ಕೂತವರಿಗೆ ಗೊತ್ತು, ಒಂದು ಬೆಳಗಿನಲ್ಲಿ ಸಾಲಾಗಿ ಓಬವ್ವಂದಿರು ಬರುತ್ತಾರೆ. ಅವರ ಹಿಂದೆ ಮೈಸೂರು ಪೇಟ ಸುತ್ತಿದ ಪುಟ್ಟ ವಿಶ್ವೇಶ್ವರಯ್ಯನವರು. ಎಲ್ಲರ ಬಾಯಲ್ಲೂ ದೊಡ್ಡವರು ಬರೆದ ಮಾತು. ನಡುವೆ ಒಂದು ಸಾಲು ಮರೆತರೆ ಮಗು ಅಮ್ಮನ ಮುಖ ನೋಡುತ್ತದೆ, ಅಮ್ಮ ಸ್ಟೇಜಿನ ಪಕ್ಕದಿಂದ ತುಟಿ ಆಡಿಸುತ್ತಾರೆ.

ನಿಮ್ಮ ಮಗಳನ್ನು ಹುಳು ಸಾಕುವ ರೈತ ಹೆಂಗಸು ಮಾಡಿ. ಅಜ್ಜಿಯ ಹಳೇ ಸೀರೆ, ತಲೆಗೊಂದು ಟವೆಲು, ಸೊಂಟದಲ್ಲಿ ಒಂದು ಮಂಕರಿ ಹಿಪ್ಪುನೇರಳೆ ಸೊಪ್ಪು. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ, ಚಂದ್ರಂಕಿ, ಇಡಿಯಾಗಿ ಸ್ಟೇಜಿಗೆ ದೊಡ್ಡದಾಯಿತು, ಮುರಿದದ್ದರ ಒಂದು ತುಂಡು ಸಾಕು. ನಾಲ್ಕೈದು ಗೂಡು ಕೈಯಲ್ಲಿರಲಿ. ಜೀವಂತ ಹುಳು ಬೇಡ, ಆ ಗದ್ದಲದಲ್ಲಿ ಸುಮ್ನೆ ಸಾಯುತ್ತವೆ.

ಭಾಷಣ ನಾನು ಬರೆಯುವುದಿಲ್ಲ, ನೀವೂ ಬರೆಯಬೇಡಿ. ರಾತ್ರಿ ಸೊಪ್ಪು ಹಾಕುವಾಗ ಅವಳನ್ನೇ ಕೇಳುತ್ತಾ ಹೋಗಿ. ಚಾಕಿ ಹುಳುವಿಗೆ, ಅಂದರೆ ಎಳೇ ಮರಿಗೆ, ಸೊಪ್ಪನ್ನು ಯಾಕೆ ಸಣ್ಣಗೆ ಹೆಚ್ಚುತ್ತೇವೆ? ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚಲು ಸುಮ್ಮನೆ ಕೂತಾಗ, ಸೊಪ್ಪು ಯಾಕೆ ಹಾಕುವುದಿಲ್ಲ? ಜ್ವರ ಎಷ್ಟು ಸಲ? ನಾಲ್ಕು ಅಂತ ಅವಳೇ ಹೇಳುತ್ತಾಳೆ. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ತಿನ್ನುವ ಸದ್ದು ಮಳೆ ಬಿದ್ದ ಹಾಗಿರುತ್ತದೆ ಅಂತ ಹುಳದ ಮನೆಯ ಮಕ್ಕಳಿಗೆ ಯಾರೂ ಬರೆದುಕೊಡಬೇಕಿಲ್ಲ. ಒಂದು ಗೂಡಿನ ಎಳೆ 700-800 ಮೀಟರ್ ಇರುತ್ತದೆ ಅನ್ನುವುದನ್ನು ಮಾತ್ರ ನೀವು ಹೇಳಿಕೊಡಿ. ಶಾಲೆಯಿಂದ ಎಲ್ಲಿಯ ತನಕ ಆಗುತ್ತದೆ ಅಂತ ಅವಳೇ ಲೆಕ್ಕ ಹಾಕಲಿ. ಸ್ಟೇಜಿನಲ್ಲಿ ಮರೆತರೂ ಚಿಂತೆಯಿಲ್ಲ, ಗೊತ್ತಿರುವ ಕೆಲಸ, ಬೇರೆ ಏನೋ ಹೇಳಿ ಮುಗಿಸುತ್ತಾಳೆ.

ಬಹುಮಾನ ಬರುತ್ತದೆ ಅಂತ ನಾನು ಮಾತು ಕೊಡಲಾರೆ. ಕೆಲವು ತೀರ್ಪುಗಾರರಿಗೆ ಜರಿ, ಕತ್ತಿ, ಕೂಗಾಟವೇ ಬೇಕು. ಅಂಥವರ ಪಕ್ಕದಲ್ಲಿ ಕೂತು ಜಗಳ ಆಡಿದ್ದೇನೆ.

ಮಗ ಎರಡನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. 'ಆಟಮ್' ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಕೆಂಪು, ಹಳದಿ ಬಣ್ಣದ ಉದುರಿದ ಎಲೆ ಅಂಟಿಸಿಕೊಂಡು ಹೋಗಬೇಕು. ಊರೆಲ್ಲ ಸುತ್ತಿದರೂ ಎಲ್ಲ ಹಸಿರೇ. ಕೊನೆಗೆ ಕಲರ್ ಪ್ರಿಂಟ್ ತೆಗೆಸಿದೆ. ನಮ್ಮ ಮರಗಳು ಯಾಕೆ ಹೀಗೆ?
*ಒಬ್ಬ ತಂದೆ, ಕೋಲಾರ*

ನಮ್ಮ ಮರಗಳು ಸರಿಯಾಗೇ ಇವೆ ಸ್ವಾಮಿ. ಪ್ರಾಜೆಕ್ಟ್ ಚಳಿ ದೇಶದಿಂದ ಬಂದಿದೆ. ಅಲ್ಲಿ ಅಕ್ಟೋಬರ್ ಹೊತ್ತಿಗೆ ಹಗಲು ಚಿಕ್ಕದಾಗಿ, ಚಳಿ ಬಿದ್ದು, ಎಲೆಯೊಳಗಿನ ಹಸಿರು ಕರಗುತ್ತದೆ. ಅದರ ಹಿಂದೆ ಮೊದಲೇ ಇದ್ದ ಹಳದಿ ಕಾಣಿಸುತ್ತದೆ. ಕೆಲವು ಮರಗಳು ಆಗ ಹೊಸದಾಗಿ ಕೆಂಪು ಬಣ್ಣವನ್ನೂ ತಯಾರು ಮಾಡುತ್ತವೆ. ಆಮೇಲೆ ಎಲೆ ಉದುರುತ್ತದೆ. ನಮ್ಮ ಕಡೆ ಎಲೆ ಉದುರಿಸುವುದು ಒಣಹವೆ. ಯುಗಾದಿಗೆ ಮುಂಚೆ, ಫೆಬ್ರವರಿ, ಮಾರ್ಚ್‌ನಲ್ಲಿ ಹೊಂಗೆ, ಅರಳಿ ಮರಗಳ ಕೆಳಗೆ ನೋಡಿ. ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಮಳೆ ಬೀಳುತ್ತಿರುವಾಗ ಯಾವ ಮರಕ್ಕೆ ಎಲೆ ಬಿಡುವ ಮನಸ್ಸು ಬರುತ್ತದೆ? ಕೆಂಪು ಎಲೆಯೇ ಬೇಕು ಅಂದರೆ ಬಾದಾಮಿ ಮರ ಇದೆ. ಉದುರುವ ಮುಂಚೆ ಚೆನ್ನಾಗಿ ಕೆಂಪಾಗುತ್ತದೆ, ಆದರೆ ಅದಕ್ಕೂ ಇನ್ನೂ ಸಮಯ ಇದೆ.

ಪ್ರಿಂಟ್ ಪಕ್ಕಕ್ಕಿಡಿ. ಭಾನುವಾರ ಬೆಳಿಗ್ಗೆ ಮಗನನ್ನು ಅಜ್ಜಿಯ ಜೊತೆ ಹೊಲಕ್ಕೆ ಕಳಿಸಿ, ಬೆರಕೆ ಸೊಪ್ಪು ಕೀಳಲಿ. ಅಣ್ಣೆ, ಹೊನಗೊನ್ನೆ, ಗೋಣಿ, ಒಂದೊಂದರದೂ ಎಲೆ ಬೇರೆ, ಕಾಂಡ ಬೇರೆ. ಔಷಧಿ ಹೊಡೆದ ಹೊಲ ಬೇಡ, ಕೇಳಿಕೊಂಡೇ ಇಳಿಯಿರಿ. ಬದುವಿನಲ್ಲಿ ತುಂಬೆ ಹೂ ಇರುತ್ತದೆ, ರಾಗಿ ನಡುವೆ ಹುಚ್ಚೆಳ್ಳಿನ ಹಳದಿ ಹೂ, ಬೇಲಿಯಲ್ಲಿ ತಂಗಡಿ. ನಿಮ್ಮ ಶಾಲೆಗೆ ಹಳದಿ ಬಣ್ಣ ತಾನೇ ಬೇಕಾಗಿದ್ದದ್ದು?

ಎಲೆಗಳನ್ನು ಹಳೇ ಪೇಪರ್ ನಡುವೆ ಹರಡಿ ಮೇಲೆ ಭಾರ ಇಡಿ. ದಿನಾ ಪೇಪರ್ ಬದಲಾಯಿಸಿ, ಇಲ್ಲದಿದ್ದರೆ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಒಂದು ವಾರಕ್ಕೆ ಒಣಗುತ್ತವೆ. ಹೆಸರು ಅವನೇ ಬರೆಯಲಿ, ಅಕ್ಷರ ವಕ್ರ ಆದರೆ ಆಗಲಿ. ಮಿಕ್ಕ ಸೊಪ್ಪು ಮಸ್ಸೊಪ್ಪಿಗೆ. ಮಿಸ್ ಬೈದರೆ, "ಇದು ಕೋಲಾರದ ಅಕ್ಟೋಬರ್" ಅಂತ ಮೇಲೆ ಒಂದು ಸಾಲು ಬರೆದು ಕಳಿಸಿ. ಬಹಳಷ್ಟು ಟೀಚರ್‌ಗಳು ಖುಷಿಪಡುತ್ತಾರೆ, ನಂಬಿ.

ಬಾಗೇಪಲ್ಲಿ ಕಡೆಯವರು. ಮನೆಯಲ್ಲಿ ತೆಲುಗು. ಮಗು ಒಂದನೇ ಕ್ಲಾಸಿನಲ್ಲಿ ಕನ್ನಡ ಪದ್ಯ ಒಪ್ಪಿಸುತ್ತದೆ, ಅರ್ಥ ಗೊತ್ತಿಲ್ಲ. ಮನೆಯಲ್ಲೂ ಕನ್ನಡವೇ ಮಾತಾಡಿ ಅಂತ ಪರಿಚಯದವರು ಹೇಳುತ್ತಾರೆ. ನಮ್ಮ ಅತ್ತೆಗೆ ಕನ್ನಡ ಬರುವುದಿಲ್ಲ.

ನನ್ನ ಮನೆಮಾತೂ ತೆಲುಗೇ ಅಮ್ಮಾ. ನಿಮ್ಮ ಅತ್ತೆಯವರ ಬಾಯಿ ಕಟ್ಟಬೇಡಿ. ಕಥೆ ಅವರು ತೆಲುಗಿನಲ್ಲೇ ಹೇಳಲಿ. ಕಥೆ ಹೇಗೆ ಶುರುವಾಗುತ್ತದೆ, ಆಮೇಲೆ ಏನಾಗುತ್ತದೆ ಅಂತ ಕಾಯುವುದನ್ನು ಮಗು ಒಂದು ಭಾಷೆಯಲ್ಲಿ ಕಲಿತರೆ ಇನ್ನೊಂದಕ್ಕೂ ಅದೇ ಸಾಕು. ಶಾಲೆಯ ಪದ್ಯದ ಅರ್ಥ ನೀವು ತೆಲುಗಿನಲ್ಲಿ ಹೇಳಿ. ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂರುತ್ತಾರಲ್ಲ, ಪಕ್ಕದ ಮೂರನೇ ಕ್ಲಾಸಿನ ಅಕ್ಕ ಕಲಿಸುವಷ್ಟು ಕನ್ನಡ ನಾವ್ಯಾರೂ ಕಲಿಸಲಾರೆವು. ಸಾಲದ್ದಕ್ಕೆ ಕನ್ನಡ, ತೆಲುಗು ಲಿಪಿಗಳು ಅಕ್ಕತಂಗಿಯರು. ಕನ್ನಡ ಅಕ್ಷರ ಗಟ್ಟಿಯಾದ ಮಗು ಹಿಂದೂಪುರದ ಬಸ್ಸಿನ ತೆಲುಗು ಬೋರ್ಡನ್ನು ತಾನಾಗಿ ಓದಲು ಹೊರಡುತ್ತದೆ.

ನಾನು ಹೊಸ ಶಿಕ್ಷಕಿ, ಒಬ್ಬಳೇ ಇರುವ ಶಾಲೆ. ಮಧ್ಯಾಹ್ನ ಊಟ ಆದ ಮೇಲೆ ನಾಲ್ಕು, ಐದನೇ ಕ್ಲಾಸಿನ ಮಕ್ಕಳನ್ನು ಹಿಡಿದಿಡುವುದು ಕಷ್ಟ. ಖರ್ಚಿಲ್ಲದ ಚಟುವಟಿಕೆ ಹೇಳಿ.
*ಶ್ರೀನಿವಾಸಪುರ ತಾಲ್ಲೂಕು*

ಮಳೆ ಅಳೆಸಿ, ಮೇಡಂ. ನಮ್ಮ ಜಿಲ್ಲೆಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಮೈ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ಕತ್ತರಿಸುವುದು ಮಾತ್ರ ನೀವು. ತಳ ಏರುತಗ್ಗು ಇರುತ್ತದೆ, ಒಂದಿಷ್ಟು ಕಲ್ಲು ಹಾಕಿ, ನೇರ ಮೈ ಶುರುವಾಗುವ ತನಕ ನೀರು ಹುಯ್ದು ಅಲ್ಲಿ ಸೊನ್ನೆ ಗುರುತು ಮಾಡಿ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಹಿಡಿದು ಮಿಲಿಮೀಟರ್ ಗೆರೆ. ಮರ, ಸೂರಿನ ನೀರು ಬೀಳದ ಬಯಲಿನಲ್ಲಿ ಇಡಿ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ, ನಿಮ್ಮ ಮಕ್ಕಳು ಪ್ರಾರ್ಥನೆಗೆ ಮುಂಚೆ ಅಳೆಯಲಿ. ಬರೆದ ಮೇಲೆ ನೀರನ್ನು ಮತ್ತೆ ಸೊನ್ನೆಗೆ ತರಬೇಕು.

ಮಧ್ಯಾಹ್ನ ಅದೇ ಅಂಕಿಯಿಂದ ಗಣಿತ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಕೊಠಡಿಯ ಸೂರು 6 ಮೀಟರ್‌ಗೆ 8 ಮೀಟರ್ ಇದ್ದರೆ 48 ಚದರ ಮೀಟರ್. 10 ಮಿಲಿಮೀಟರ್ ಮಳೆಗೆ 480 ಲೀಟರ್. 15 ಲೀಟರ್ ಬಿಂದಿಗೆಯಲ್ಲಿ 32 ಬಿಂದಿಗೆ! ನೀರಿಗಾಗಿ ಬಿಂದಿಗೆ ಹೊತ್ತು ಗೊತ್ತಿರುವ ಮಕ್ಕಳು ಈ ಉತ್ತರಕ್ಕೆ ಬಾಯಿ ಬಿಡುತ್ತಾರೆ. ಚಿತ್ತೆ ಮಳೆ ಎಷ್ಟು, ಸ್ವಾತಿ ಮಳೆ ಎಷ್ಟು ಅಂತ ಬೇರೆ ಬೇರೆ ಕೂಡಿಸಿಡಿ. ಊರಿನ ಹಿರಿಯರು ಲೆಕ್ಕ ಕೇಳಿಕೊಂಡು ಶಾಲೆ ಬಾಗಿಲಿಗೆ ಬರುತ್ತಾರೆ.

ನಮ್ಮ ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಪ್ರವಾಸದ ಚರ್ಚೆ. ಒಂದೇ ದಿನದಲ್ಲಿ ಮೈಸೂರು ಅಂತ ಹಟ. ಸರಿಯೇ?
*ಒಬ್ಬ ಸದಸ್ಯರು, ಚಿಕ್ಕಬಳ್ಳಾಪುರ*

ಹೋಗಿ ಬರಲು ಸುಮಾರು 400 ಕಿಲೋಮೀಟರ್. ಮಕ್ಕಳು ನೋಡುವುದು ಮುಂದಿನ ಸೀಟಿನ ಬೆನ್ನು. ಚಿಕ್ಕವರಿಗೆ ಹತ್ತಿರದ್ದೇ ಸಾಕು. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ, ಸಮಾಧಿ. ಅಲ್ಲಿಂದ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ, ಅದರ ಕಲ್ಯಾಣಿ. ದೊಡ್ಡ ಮಕ್ಕಳಿಗೆ ಇನ್ನೊಂದು ದಿನ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಮಳೆ ಪೂರ್ತಿ ನಿಲ್ಲಲಿ, ದೀಪಾವಳಿ ಕಳೆದ ಮೇಲೆ ಹೊರಡಿ. ವಾಂತಿ ಮಾಡುವ ಮಕ್ಕಳು ಮುಂದೆ ಕೂರಲಿ. ಹಾಜರಿ ಪುಸ್ತಕ ಬಸ್ಸಿನಲ್ಲೇ ಇರಲಿ. ಹತ್ತಿದಾಗಲೆಲ್ಲ ಹೆಸರು ಕೂಗಿ. ಬರೀ ತಲೆ ಎಣಿಸಿ ಹೊರಡಬೇಡಿ. ಬೇರೆ ಶಾಲೆಯ ಮಗು ಹತ್ತಿ ಕೂತಿದ್ದರೂ ತಲೆ ಲೆಕ್ಕ ಸರಿಯಾಗೇ ಬರುತ್ತದೆ.